911ಕ್ಕೆ ಕರೆ ಮಾಡಿದರೆ ಮೊದಲು ಬರುವವರು ಯಾರು?

ಓದುಗರ ಪ್ರಶ್ನೆ: ಮಗಳು, ಅಳಿಯ ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿದ್ದಾರೆ. ನಾವು ಆರು ತಿಂಗಳು ಇದ್ದು ಹೋಗೋಣ ಅಂತ ಬಂದಿದ್ದೇವೆ. ಇಲ್ಲಿ ಬೀದಿ ಸುತ್ತುವ ಕಾರಿನ ಮೇಲೆ ‘ಪೊಲೀಸ್’ ಅಂತ ಇಲ್ಲ, ‘ಶೆರಿಫ್’ ಅಂತ ಇದೆ. ಶೆರಿಫ್ ಅಂದರೆ ಪೊಲೀಸೇನಾ? ಹಗಲು ನಾವಿಬ್ಬರೇ ಮನೆಯಲ್ಲಿರುತ್ತೇವೆ. ಏನಾದರೂ ಆಗಿ 911ಕ್ಕೆ (ಇಲ್ಲಿನ ತುರ್ತು ಸಹಾಯದ ನಂಬರ್) ಕರೆ ಮಾಡಿದರೆ ಯಾರು ಬರುತ್ತಾರೆ?

ಉತ್ತರ: ಪೊಲೀಸೇ, ಅನುಮಾನ ಬೇಡ. ಬಂಧಿಸುವ ಅಧಿಕಾರ, ತನಿಖೆ ಮಾಡುವ ಅಧಿಕಾರ ಎಲ್ಲವೂ ಇದೆ. ಆದರೆ ನಮ್ಮಲ್ಲಿರುವ ಹಾಗೆ ಇಡೀ ರಾಜ್ಯಕ್ಕೆ ಒಂದೇ ಪೊಲೀಸ್ ಇಲಾಖೆ ಅಲ್ಲಿಲ್ಲ. ಸ್ಯಾನ್ ಹೋಸೆಯಂಥ ದೊಡ್ಡ ಊರಿಗೆ ಅದರದ್ದೇ ಪೊಲೀಸ್. ಪಕ್ಕದ ಸನಿವೇಲ್‌ನಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕ ಎರಡೂ ಒಂದೇ ಇಲಾಖೆ. ಯಾವ ಊರಿನ ಗಡಿಗೂ ಸೇರದ ಜಾಗವನ್ನು ಕೌಂಟಿಯ ಶೆರಿಫ್ ಕಚೇರಿ ನೋಡಿಕೊಳ್ಳುತ್ತದೆ. ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ. ನಮ್ಮ ಎಸ್‌ಪಿಯನ್ನು ಸರ್ಕಾರ ನೇಮಿಸುತ್ತದೆ, ವರ್ಗ ಮಾಡುತ್ತದೆ. ಶೆರಿಫ್ ಮಾತ್ರ ಓಟಿಗೆ ನಿಂತು ಗೆದ್ದು ಬರಬೇಕು. ಕ್ಯಾಲಿಫೋರ್ನಿಯಾದ ಸಂವಿಧಾನವೇ ಹಾಗೆ ಹೇಳುತ್ತದೆ.

ಹಾಗಾದರೆ ಕ್ಯುಪರ್ಟಿನೊಗೆ ತನ್ನದೇ ನಗರಸಭೆ ಇದೆಯಲ್ಲ, ಅಲ್ಲಿಗೆ ಶೆರಿಫ್ ಯಾಕೆ? ಅದು ಗುತ್ತಿಗೆ. 1955ರಲ್ಲಿ ನಗರವಾದ ಕ್ಯುಪರ್ಟಿನೊ ಸ್ವಂತ ಪೊಲೀಸ್ ಇಟ್ಟುಕೊಳ್ಳದೆ, ದುಡ್ಡು ಕೊಟ್ಟು ಸಾಂಟಾ ಕ್ಲಾರಾ ಕೌಂಟಿಯ ಶೆರಿಫ್ ಕಚೇರಿಯಿಂದ ಆ ಕೆಲಸ ಮಾಡಿಸಿಕೊಳ್ಳುತ್ತಿದೆ. ಸಾರಾಟೋಗ, ಲಾಸ್ ಆಲ್ಟೋಸ್ ಹಿಲ್ಸ್ ಕೂಡ ಹಾಗೇ. ಈ ದಾರಿ ತೋರಿಸಿದ್ದು ಲಾಸ್ ಏಂಜಲಿಸ್ ಕೌಂಟಿಯ ಲೇಕ್‌ವುಡ್. 1954ರಲ್ಲಿ ನಗರವಾದಾಗ ಅದು ಹೀಗೆ ಗುತ್ತಿಗೆ ಮಾಡಿಕೊಂಡಿತು. ಇವತ್ತಿಗೂ ಅದನ್ನು ‘ಲೇಕ್‌ವುಡ್ ಪ್ಲಾನ್’ ಅಂತಲೇ ಕರೆಯುತ್ತಾರೆ.

ನೀವು ನೋಡುವ ಕಾರು ಪ್ಯಾಟ್ರೋಲ್, ಅಂದರೆ ಗಸ್ತು ವಿಭಾಗದ್ದು. ಒಳಗೆ ಕೂತವರು ಡೆಪ್ಯುಟಿ. ಈ ಪದ ಕೇಳಿದರೆ ನಮಗೆ ಡೆಪ್ಯುಟಿ ಕಮಿಷನರ್ ನೆನಪಾಗುತ್ತಾರೆ, ಅಲ್ವಾ? ಅಲ್ಲಿ ಡೆಪ್ಯುಟಿ ಅಂದರೆ ಬೀದಿಯಲ್ಲಿ ನಿಂತು ಕೆಲಸ ಮಾಡುವ ಸಿಬ್ಬಂದಿ. ಕಾರಿನಲ್ಲಿ ಸಾಮಾನ್ಯವಾಗಿ ಒಬ್ಬರೇ ಇರುತ್ತಾರೆ. ಪಾಳಿ ಶುರುವಾಗುವ ಮೊದಲು ಎಲ್ಲರನ್ನೂ ಕೂರಿಸಿ ಹಿಂದಿನ ಪಾಳಿಯಲ್ಲಿ ಏನಾಯಿತು, ಯಾರನ್ನು ಹುಡುಕುತ್ತಿದ್ದೇವೆ ಅಂತ ಹೇಳುತ್ತಾರೆ. ಅದಕ್ಕೆ ಬ್ರೀಫಿಂಗ್ ಅನ್ನುತ್ತಾರೆ. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಬೀಟ್‌ಗೆ.

911 ಕರೆ ತೆಗೆದುಕೊಳ್ಳುವವರು ಡಿಸ್ಪ್ಯಾಚರ್. ನೀವು ಮಾತಾಡುತ್ತಿರುವಾಗಲೇ ಅವರು ಟೈಪ್ ಮಾಡುತ್ತಿರುತ್ತಾರೆ. ಅದು ಡೆಪ್ಯುಟಿಯ ಕಾರಿನ ಲ್ಯಾಪ್‌ಟಾಪ್‌ನಲ್ಲಿ ಕಾಣುತ್ತಿರುತ್ತದೆ. ಜೀವಕ್ಕೆ ಅಪಾಯ ಇದ್ದರೆ ಉಳಿದದ್ದೆಲ್ಲ ಪಕ್ಕಕ್ಕೆ. ಪಕ್ಕದ ಮನೆಯವರ ಪಾರ್ಟಿ ಗಲಾಟೆ ಅಂದರೆ ಕಾಯಬೇಕಾಗುತ್ತದೆ. ಕೆಂಪು ನೀಲಿ ದೀಪ ಹಾಕಿ, ಸೈರನ್ ಕೂಗಿಸಿಕೊಂಡು ಹೋಗುವುದು ‘ಕೋಡ್ 3’. ‘ಇಲ್ಲಿ ಪರಿಸ್ಥಿತಿ ಹತೋಟಿಯಲ್ಲಿದೆ, ಇನ್ಯಾರೂ ಬೇಡ’ ಅನ್ನುವುದು ‘ಕೋಡ್ 4’. ಇದನ್ನು ನೀವೇ ಗಮನಿಸಿ ನೋಡಬಹುದು. ರಸ್ತೆ ಬದಿ ಯಾರನ್ನೋ ನಿಲ್ಲಿಸಿ ಡೆಪ್ಯುಟಿ ಮಾತಾಡುತ್ತಿರುತ್ತಾರೆ. ಇನ್ನೊಂದು ಕಾರು ನಿಧಾನವಾಗಿ ಪಕ್ಕಕ್ಕೆ ಬರುತ್ತದೆ. ನಿಂತವರು ಮಾತು ನಿಲ್ಲಿಸದೆ ಕೈ ಎತ್ತಿ ನಾಲ್ಕು ಬೆರಳು ತೋರಿಸುತ್ತಾರೆ. ಬಂದ ಕಾರು ಹಾಗೇ ಮುಂದಕ್ಕೆ ಹೋಗುತ್ತದೆ.

ಇನ್ನು ಕಮಾಂಡೋಗಳಂಥ ವಿಶೇಷ ತಂಡಗಳು. ಸ್ವಾಟ್ (ಅಪಾಯಕಾರಿ ಕಾರ್ಯಾಚರಣೆಗೆ ಇಳಿಯುವ ಶಸ್ತ್ರಸಜ್ಜಿತ ದಳ), ಬಾಂಬ್ ದಳ, ನಾಯಿ ದಳ, ನೀರಿನಲ್ಲಿ ಮುಳುಗಿ ಹುಡುಕುವ ತಂಡ, ಒತ್ತೆಯಾಳು ಪ್ರಕರಣದಲ್ಲಿ ಮಾತುಕತೆ ನಡೆಸುವವರು, ಹೆಲಿಕಾಪ್ಟರ್. ಇವರೆಲ್ಲ ಎಲ್ಲೋ ಒಂದು ಕಡೆ ಕರೆಗಾಗಿ ಕಾಯುತ್ತಾ ಕೂತಿರುತ್ತಾರೆ ಅಂದುಕೊಳ್ಳುತ್ತೇವೆ. ಲಾಸ್ ಏಂಜಲಿಸ್ ಕೌಂಟಿಯಂಥ ದೈತ್ಯ ಇಲಾಖೆಯಲ್ಲಿ ಅದು ನಿಜ. ಅಲ್ಲಿ ಪ್ಯಾರಾಮೆಡಿಕ್ (ತುರ್ತು ಚಿಕಿತ್ಸೆ) ತರಬೇತಿ ಪಡೆದ, ಹೆಲಿಕಾಪ್ಟರ್‌ನಿಂದ ಹಗ್ಗದಲ್ಲಿ ಇಳಿಯಬಲ್ಲ, ನೀರಿಗೂ ಧುಮುಕಬಲ್ಲ ಡೆಪ್ಯುಟಿಗಳ ಪೂರ್ಣಾವಧಿ ತಂಡವೇ ಇದೆ. ಆದರೆ ಹೆಚ್ಚಿನ ಕೌಂಟಿಗಳಲ್ಲಿ ವಿಶೇಷ ತಂಡ ಅನ್ನುವುದು ಎರಡನೇ ಕೆಲಸ. ಬೆಳಿಗ್ಗೆ ನಿಮ್ಮ ಬೀದಿಯಲ್ಲಿ ಕಳ್ಳತನದ ದೂರು ಬರೆದುಕೊಂಡವರೇ, ಕರೆ ಬಂದರೆ ಕಾರಿನ ಡಿಕ್ಕಿಯಿಂದ ದಪ್ಪ ಜಾಕೆಟ್ ತೆಗೆದು ಹಾಕಿಕೊಂಡು ಸ್ವಾಟ್ ಆಗುತ್ತಾರೆ. ಮನೆಯಿಂದ, ಜೈಲಿನ ಕಾವಲಿನಿಂದ, ಕೋರ್ಟಿನ ಕಾವಲಿನಿಂದ ಒಬ್ಬೊಬ್ಬರೇ ಬಂದು ಸೇರಲು ಹೊತ್ತು ಹಿಡಿಯುತ್ತದೆ.

ಆ ಹೊತ್ತಿನ ಬೆಲೆ ಎಷ್ಟು ಅಂತ ಗೊತ್ತಾಗಿದ್ದು ಕೊಲೊರಾಡೊದಲ್ಲಿ. 1999ರ ಏಪ್ರಿಲ್ 20ರಂದು ಜೆಫರ್ಸನ್ ಕೌಂಟಿಯ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ಹುಡುಗರು 12 ವಿದ್ಯಾರ್ಥಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದರು. ಡೆಪ್ಯುಟಿಗಳು ಬೇಗ ಬಂದಿದ್ದರು, ಹೊರಗೆ ಗುಂಡಿನ ಚಕಮಕಿಯೂ ನಡೆಯಿತು. ಆದರೆ ಆಗಿನ ಪಾಠವೇ ಬೇರೆ: ಕಟ್ಟಡ ಸುತ್ತುವರಿ, ಸ್ವಾಟ್ ಬರಲಿ ಅಂತ ಕಾಯಿ. ಒಳಗೆ ಶಿಕ್ಷಕ ಡೇವ್ ಸ್ಯಾಂಡರ್ಸ್ ಗಂಟೆಗಟ್ಟಲೆ ರಕ್ತ ಸುರಿಸುತ್ತಾ ಬಿದ್ದಿದ್ದರು. ಸಹಾಯ ತಲುಪಿದಾಗ ತಡವಾಗಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಆಮೇಲೆ ಅಮೆರಿಕದಲ್ಲಿ ತರಬೇತಿಯೇ ಬದಲಾಯಿತು. ಗುಂಡು ಹಾರುತ್ತಿದ್ದರೆ ಮೊದಲು ಬಂದ ಸಾಮಾನ್ಯ ಡೆಪ್ಯುಟಿಯೇ ಒಳಗೆ ನುಗ್ಗಬೇಕು.

ನೀವಿರುವ ಕೌಂಟಿಯಲ್ಲೇ ಇದರ ಪರೀಕ್ಷೆ ಆಯಿತು. 2021ರ ಮೇ 26ರಂದು ಸ್ಯಾನ್ ಹೋಸೆಯಲ್ಲಿರುವ ವಿಟಿಎ (ಕೌಂಟಿಯ ಸಾರಿಗೆ ಸಂಸ್ಥೆ) ರೈಲು ಯಾರ್ಡ್‌ನಲ್ಲಿ ಅಲ್ಲಿನದೇ ನೌಕರನೊಬ್ಬ ಒಂಬತ್ತು ಸಹೋದ್ಯೋಗಿಗಳನ್ನು ಕೊಂದ. ಶೆರಿಫ್ ಕಚೇರಿ ಇರುವುದು ಪಕ್ಕದಲ್ಲೇ. ಡೆಪ್ಯುಟಿಗಳೂ ನಗರದ ಪೊಲೀಸರೂ ಯಾವ ತಂಡಕ್ಕೂ ಕಾಯದೆ ಒಳಗೆ ಹೋದರು. ಅವರು ಹತ್ತಿರವಾಗುತ್ತಿದ್ದಂತೆ ಅವನು ತನಗೆ ತಾನೇ ಗುಂಡು ಹೊಡೆದುಕೊಂಡ. ಬಾಂಬ್ ದಳದವರ ಕೆಲಸ ಶುರುವಾಗಿದ್ದು ಆಮೇಲೆ. ಕಟ್ಟಡದಲ್ಲಿ ಸ್ಫೋಟಕ ಇದೆಯಾ ಅಂತ ಅವರು ಹುಡುಕಬೇಕಾಯಿತು. ಹಾಗಾಗಿ ಪೊಲೀಸರ ಪೈಕಿ ಮೊದಲು ಬರುವವರು ಯಾರು ಅಂತ ಕೇಳಿದರೆ, ಸಾಮಾನ್ಯವಾಗಿ ಪ್ಯಾಟ್ರೋಲ್‌ನವರೇ. ವಿಶೇಷ ತಂಡ ಬೇಕೋ ಬೇಡವೋ ಅಂತ ಮೊದಲು ಗೊತ್ತಾಗುವುದೂ ಅವರಿಗೇ.

ಒಂದು ಕೆಲಸಕ್ಕೆ ಹೊರಗಿನವರನ್ನೂ ಸೇರಿಸಿಕೊಳ್ಳುತ್ತಾರೆ, ಅದು ಬೆಟ್ಟದಲ್ಲಿ ಕಳೆದುಹೋದವರನ್ನು ಹುಡುಕುವುದು. ಕ್ಯಾಲಿಫೋರ್ನಿಯಾದಲ್ಲಿ ಈ ಜವಾಬ್ದಾರಿ ಶೆರಿಫ್‌ದು. ಆದರೆ ಹುಡುಕಲು ಹೋಗುವವರಲ್ಲಿ ಹೆಚ್ಚಿನವರು ತರಬೇತಿ ಪಡೆದ ಸ್ವಯಂಸೇವಕರು. ಸಂಬಳ ಇಲ್ಲ. ಲಾಸ್ ಏಂಜಲಿಸ್ ಹತ್ತಿರದ ಸಿಯೆರಾ ಮಾಡ್ರೆ ತಂಡ 1951ರಿಂದ ಈ ಕೆಲಸ ಮಾಡುತ್ತಿದೆ. ಅಳಿಯಂದಿರು ಶನಿವಾರ ಟ್ರೆಕ್ಕಿಂಗ್‌ಗೆ ಕರೆದುಕೊಂಡು ಹೋಗುವವರಾದರೆ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಯಾರಿಗಾದರೂ ಹೇಳಿ ಹೋಗಿ.

ಇನ್ನೊಂದು ವಿಷಯ. ನೀವು ಕೂತಿರುವ ಕಾರಿನ ಹಿಂದೆ ದೀಪ ಹೊತ್ತಿಸಿಕೊಂಡು ಡೆಪ್ಯುಟಿ ಬಂದರೆ, ನಮ್ಮೂರಿನ ಹಾಗೆ ಕೆಳಗಿಳಿದು ಅವರ ಹತ್ತಿರ ಹೋಗಬೇಡಿ. ನಮಗೆ ಅದು ಮರ್ಯಾದೆ, ಅವರಿಗೆ ಅದು ಬೆದರಿಕೆಯ ಹಾಗೆ ಕಾಣುತ್ತದೆ. ಬಲಗಡೆ ನಿಲ್ಲಿಸಿ ಒಳಗೇ ಕೂತಿರಿ. ಓಡಿಸುವವರ ಕೈ ಸ್ಟೀರಿಂಗ್ ಮೇಲೇ ಇರಲಿ. ಲೈಸೆನ್ಸ್ ತೆಗೆಯುವ ಮುಂಚೆ ‘ತೆಗೀತಿದ್ದೀನಿ’ ಅಂತ ಹೇಳಲಿ.

ಮನೆಯಲ್ಲಿ ನೀವಿಬ್ಬರೇ ಇದ್ದಾಗ ಏನಾದರೂ ಆದರೆ 911 ಒತ್ತಿ, ಬೇರೆ ಏನೇ ಹೇಳುವ ಮೊದಲು ವಿಳಾಸ ಹೇಳಿ. ಕರೆ ಕಟ್ಟಾದರೂ ಕಾರು ಹೊರಡುತ್ತದೆ. ಇಂಗ್ಲಿಷ್ ಬರಲ್ಲ ಅಂತ ಹೆದರಬೇಡಿ. 911 ಕೇಂದ್ರಗಳಲ್ಲಿ ಫೋನಿನಲ್ಲೇ ದುಭಾಷಿಯನ್ನು ಸೇರಿಸುವ ವ್ಯವಸ್ಥೆ ಇದೆ. ‘ಕನ್ನಡ’ ಅಂತ ಒಂದೇ ಪದ ಹೇಳಿ, ಲೈನಿನಲ್ಲೇ ಇರಿ. ಮಗಳ ಮನೆ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ, ಓದಿ ಹೇಳಲು ಬರುವ ಹಾಗೆ ಕನ್ನಡದಲ್ಲೇ ಬರೆದು, ಇವತ್ತೇ ಫ್ರಿಜ್ ಮೇಲೆ ಅಂಟಿಸಿಬಿಡಿ.