ಇಬ್ಯಾಕ್ ಹೋಯಿತು, ಸಂಗೀತದ ಮೇಷ್ಟ್ರು ಬರುವುದು ಯಾವಾಗ?

ಶಾಲೆಗಳನ್ನು ಅಳೆಯುವ ‘ಇಬ್ಯಾಕ್’ (ಇಂಗ್ಲಿಷ್ ಬ್ಯಾಕಲೋರಿಯೇಟ್) ಎಂಬ ಮಾನದಂಡವನ್ನು ಕೈಬಿಡುವುದಾಗಿ ಇಂಗ್ಲೆಂಡಿನಲ್ಲಿ ಸರ್ಕಾರ 2025ರ ನವೆಂಬರಿನಲ್ಲಿ ಹೇಳಿತು. ಸಂಗೀತ, ಚಿತ್ರಕಲೆ, ನಾಟಕ, ವಿನ್ಯಾಸ ಮತ್ತು ತಂತ್ರಜ್ಞಾನ ವಿಷಯಗಳ ಉಳಿವಿಗೆ ದುಡಿದವರಿಗೆ ಇದು ತಡವಾಗಿ ಸಿಕ್ಕ ಗೆಲುವು. ಈ ನಡುವೆ ಬಂದುಹೋದ ಗುರಿ, ಸೂತ್ರಗಳು ಒಂದೆರಡಲ್ಲ. ಅಲ್ಲೇ ಮಕ್ಕಳನ್ನು ಓದಿಸುತ್ತಿರುವ ನಮ್ಮವರಿಗೂ ಅವು ಗೋಜಲೇ.

1988ರ ಕಾಯ್ದೆ ರಾಷ್ಟ್ರೀಯ ಪಠ್ಯಕ್ರಮ ತಂದಾಗ ಕಲೆ, ಸಂಗೀತ, ತಂತ್ರಜ್ಞಾನಗಳಿಗೆ ಅದರಲ್ಲಿ ಜಾಗವಿತ್ತು. ಮುಂದೆ 14 ದಾಟಿದವರಿಗೆ ಕಲೆ ಐಚ್ಛಿಕವಾಯಿತು, 2004ರಲ್ಲಿ ವಿನ್ಯಾಸ-ತಂತ್ರಜ್ಞಾನವೂ ಅದೇ ದಾರಿ ಹಿಡಿಯಿತು.

2010ರಲ್ಲಿ, ಮೈಕಲ್ ಗೋವ್ ಶಿಕ್ಷಣ ಸಚಿವರಾಗಿದ್ದಾಗ, ಇಬ್ಯಾಕ್ ಬಂತು. ಇಂಗ್ಲಿಷ್, ಗಣಿತ, ವಿಜ್ಞಾನ, ಇತಿಹಾಸ ಅಥವಾ ಭೂಗೋಳ, ಜೊತೆಗೊಂದು ಭಾಷೆ. ಈ ಐದರಲ್ಲೂ, 16ರ ಆಸುಪಾಸಿನಲ್ಲಿ ಬರೆಯುವ ಜಿಸಿಎಸ್‌ಇ ಪರೀಕ್ಷೆಯಲ್ಲಿ, ಒಳ್ಳೆಯ ದರ್ಜೆ ಪಡೆದವರೆಷ್ಟು ಎಂದು ಶಾಲೆವಾರು ಪ್ರಕಟಿಸುವ ಲೆಕ್ಕವದು. ಬಡ ಮಕ್ಕಳನ್ನು ಗಟ್ಟಿ ವಿಷಯಗಳಿಂದ ದೂರ ಇಡಲಾಗುತ್ತಿದೆ ಎಂಬ ಕಾಳಜಿ ಅದರ ಹಿಂದಿತ್ತು. ಆ ಕಾಳಜಿಯಲ್ಲಿ ಹುರುಳೂ ಇತ್ತು. ಆದರೆ ಐದರಲ್ಲಿ ಒಂದೂ ಕಲೆಯದಾಗಿರಲಿಲ್ಲ. ಮುಂದೆ ಕಂಪ್ಯೂಟರ್ ವಿಜ್ಞಾನವನ್ನು ವಿಜ್ಞಾನದ ಪಟ್ಟಿಗೆ ಸೇರಿಸಿಕೊಂಡರೂ ವಿನ್ಯಾಸ-ತಂತ್ರಜ್ಞಾನ ಹೊರಗೇ ಉಳಿಯಿತು.

2012ರಲ್ಲಿ ಈ ಮುಖ್ಯ ವಿಷಯಗಳಿಗೆ ಜಿಸಿಎಸ್‌ಇ ಬದಲು ಹೊಸ ಪ್ರಮಾಣಪತ್ರವನ್ನೇ ತರುವ ಯೋಜನೆ ಹೊರಟಿತು. ಆಗ ಸಂಗೀತಗಾರರ ವೃತ್ತಿಸಂಘ ಮುಂದೆ ನಿಂತು ‘ಬ್ಯಾಕ್ ಫಾರ್ ದಿ ಫ್ಯೂಚರ್’ ಚಳವಳಿ ಕಟ್ಟಿತು. 2013ರ ಫೆಬ್ರುವರಿಯಲ್ಲಿ ಪ್ರಮಾಣಪತ್ರದ ಯೋಜನೆ ವಾಪಸಾಯಿತು, ಮಾನದಂಡ ಮಾತ್ರ ಉಳಿಯಿತು. 2015ರಲ್ಲಿ ಶೇ 90ರಷ್ಟು ಮಕ್ಕಳು ಈ ಐದನ್ನೂ ಓದಬೇಕೆಂಬ ಗುರಿ ಬಂತು. ಮರುವರ್ಷ ಲಕ್ಷಕ್ಕೂ ಹೆಚ್ಚು ಸಹಿಗಳ ಮನವಿ ಸಂಸತ್ತಿನಲ್ಲಿ ಚರ್ಚೆಯಾಯಿತು. 2017ರಲ್ಲಿ ಗಡುವನ್ನು 2025ಕ್ಕೆ ಮುಂದೂಡಿದರು. ವಾಸ್ತವದಲ್ಲಿ ಐದನ್ನೂ ಓದುವವರ ಪ್ರಮಾಣ ಶೇ 40ರ ಆಸುಪಾಸಿನಲ್ಲೇ ನಿಂತಿತು. ಅಡ್ಡಬಂದದ್ದು ಮುಖ್ಯವಾಗಿ ಭಾಷೆ.

ಹಾಗಿದ್ದರೆ ಕಲೆಗೆ ಪೆಟ್ಟು ಬಿದ್ದದ್ದು ಹೇಗೆ? ಶಾಲೆಯ ಒಳಗೆ ಹೊಕ್ಕು ನೋಡಬೇಕು. 2016ರಿಂದ ಶಾಲೆಗಳನ್ನು, ಎಂಟು ವಿಷಯಗಳಲ್ಲಿ ಮಕ್ಕಳ ಪ್ರಗತಿ ಅಳೆಯುವ ‘ಪ್ರೋಗ್ರೆಸ್ 8’ ಎಂಬ ಲೆಕ್ಕದಲ್ಲೂ ತೂಗುತ್ತಾರೆ. ಅದರ ಹತ್ತು ಪಾಲಿನಲ್ಲಿ ತಲಾ ಎರಡರಂತೆ ನಾಲ್ಕು ಇಂಗ್ಲಿಷ್-ಗಣಿತಕ್ಕೆ, ಮೂರು ಇಬ್ಯಾಕ್ ವಿಷಯಗಳಿಗೆ. ಉಳಿದ ಮೂರರಲ್ಲಿ ಎಲ್ಲರೂ ನೂಕಾಡಬೇಕು. ಆಯ್ಕೆ ಪಟ್ಟಿಯಲ್ಲಿ ಸಂಗೀತವೂ ಫ್ರೆಂಚ್ ಭಾಷೆಯೂ ಒಂದೇ ಕಾಲಮ್ಮಿಗೆ ಬಿದ್ದರೆ ಯಾವುದು ಗೆಲ್ಲುತ್ತದೆಂದು ಹೇಳಬೇಕಿಲ್ಲ. ಆರೇಳು ಮಕ್ಕಳಿಗಾಗಿ ತರಗತಿ ನಡೆಸಲು ಹಣ ಸಾಲದು, ತರಗತಿ ನಿಲ್ಲುತ್ತದೆ. ಮೇಷ್ಟ್ರು ನಿವೃತ್ತರಾದರೆ ಆ ಹುದ್ದೆ ತುಂಬುವುದಿಲ್ಲ. ಆಗ ಕೆಳಗಿನ ತರಗತಿಯ ಮಕ್ಕಳಿಗೂ ಸಂಗೀತ ತಪ್ಪುತ್ತದೆ. ಲೇತ್, ಡ್ರಿಲ್, ವೈಸ್‌ಗಳಿದ್ದ ವರ್ಕ್‌ಶಾಪಿಗೂ ಇದೇ ಗತಿ. ನಿಷೇಧಿಸಿದವರು ಯಾರೂ ಇಲ್ಲ, ಆದರೂ ವಿಷಯ ಕಾಣೆಯಾಗುತ್ತದೆ. ಶತಮಾನದ ಆರಂಭದಲ್ಲಿ 4 ಲಕ್ಷಕ್ಕೂ ಹೆಚ್ಚು ಮಕ್ಕಳು ವಿನ್ಯಾಸ-ತಂತ್ರಜ್ಞಾನದಲ್ಲಿ ಜಿಸಿಎಸ್‌ಇ ಬರೆಯುತ್ತಿದ್ದರು, ಈಗ ಲಕ್ಷವೂ ಇಲ್ಲ. ಈ ಕುಸಿತ 2004ರ ನಂತರವೇ ಶುರುವಾಗಿತ್ತು, ಪೂರ್ತಿ ಹೊಣೆಯನ್ನು ಇಬ್ಯಾಕ್ ಮೇಲೆ ಹೊರಿಸುವುದು ಸರಿಯಲ್ಲ. ಆದರೂ ಬೀಳುತ್ತಿದ್ದುದನ್ನು ಅದು ಎತ್ತಲಿಲ್ಲ. ಪಿಯಾನೊ ಪಾಠಕ್ಕೆ ಹೊರಗೆ ದುಡ್ಡು ಕೊಡಬಲ್ಲ ಮನೆಗಳಿಗೆ ಇದರ ಬಿಸಿ ತಟ್ಟಲಿಲ್ಲ. ಯಾರಿಗಾಗಿ ಈ ಸುಧಾರಣೆ ಎಂದಿದ್ದರೋ, ನಷ್ಟವಾದದ್ದು ಅದೇ ಬಡ ಮಕ್ಕಳಿಗೆ.

2024ರಲ್ಲಿ ಶಿಕ್ಷಣ ತಜ್ಞೆ ಬೆಕಿ ಫ್ರಾನ್ಸಿಸ್ ನೇತೃತ್ವದಲ್ಲಿ ಆರಂಭವಾದ ಪಠ್ಯಕ್ರಮ ಪರಿಶೀಲನೆ, ಇಬ್ಯಾಕ್ ಮಕ್ಕಳ ಆಯ್ಕೆಯನ್ನು ಕಟ್ಟಿಹಾಕಿದೆ ಎಂದು ಕಂಡು ಅದನ್ನು ಕೈಬಿಡಲು ಸೂಚಿಸಿತು. ಸರ್ಕಾರ ಒಪ್ಪಿತು. ಪ್ರೋಗ್ರೆಸ್ 8ರಲ್ಲಿ ಸೃಜನಶೀಲ ವಿಷಯಗಳಿಗೂ ಜಾಗ ಕೊಡುವ ಪ್ರಸ್ತಾವವನ್ನೂ ಮುಂದಿಟ್ಟಿತು. ಮುಚ್ಚಿದ ವರ್ಕ್‌ಶಾಪಿಗೆ ಮತ್ತೆ ಯಂತ್ರ ತರಲು, ಕಲಿಸುವವರನ್ನು ತಯಾರು ಮಾಡಲು ಮಾತ್ರ ವರ್ಷಗಳೇ ಬೇಕು. ಅಲ್ಲಿಯವರೆಗೆ, 9ನೇ ತರಗತಿಯ ಆಯ್ಕೆ ಪಟ್ಟಿಯಲ್ಲಿ ಸಂಗೀತವೋ ವಿನ್ಯಾಸವೋ ಕಾಣದಿದ್ದರೆ ಅಪ್ಪ-ಅಮ್ಮಂದಿರು ಶಾಲೆಗೆ ಹೋಗಿ ಏಕೆ ಎಂದು ಕೇಳಬೇಕು. ಇಬ್ಯಾಕ್ ಕಾರಣ ಎಂಬ ಉತ್ತರ ಇನ್ನು ನಡೆಯದು.