ಡಿಮೆನ್ಶಿಯಾದಲ್ಲಿ ಕೈ ಯಾಕೆ ತಡವರಿಸುತ್ತದೆ? ವಾರ್ಡಿಗೆ ಹೋಗುವ ಮುಂಚೆ ಓದಿಕೊಳ್ಳಲು

ಪರೀಕ್ಷೆಯಲ್ಲಿ ಡಿಮೆನ್ಶಿಯಾ (ನೆನಪು, ಯೋಚನೆ ಕುಂದುತ್ತಾ ಹೋಗುವ ಮೆದುಳಿನ ಕಾಯಿಲೆ) ಅಂದ ಕೂಡಲೇ ನಾವೆಲ್ಲ ಮರೆವಿನ ಬಗ್ಗೆ ಎರಡು ಪುಟ ಬರೆಯುತ್ತೇವೆ. ಕೈಯ ಬಗ್ಗೆ ಕೇಳಿದರೆ ಪೆನ್ನು ನಿಲ್ಲುತ್ತದೆ. ಆದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯಾಗಲಿ, ಮಂಡ್ಯದ ಮಿಮ್ಸ್ ಆಗಲಿ, ಓಪಿಡಿಯಲ್ಲಿ ಮನೆಯವರ ಮಾತು ಸ್ವಲ್ಪ ಗಮನಿಸಿ. "ಅಪ್ಪಂಗೆ ಗುಂಡಿ ಹಾಕ್ಕೊಳ್ಳೋಕೆ ಬರ್ತಿಲ್ಲ", "ಅಮ್ಮಂಗೆ ನೆರಿಗೆ ಹಿಡಿಯೋಕೆ ಆಗ್ತಿಲ್ಲ" ಅನ್ನುವುದೂ ಇರುತ್ತದೆ. "ಕೈಲಿ ಶಕ್ತಿ ಇಲ್ಲ" ಅಂತ ಕಾರಣವನ್ನೂ ಅವರೇ ಹೇಳಿಬಿಡುತ್ತಾರೆ. ನೀವು ಕೈ ಹಿಡಿದು ನೋಡಿದರೆ ಹಿಡಿತ ಗಟ್ಟಿಯಾಗೇ ಇರುತ್ತದೆ. ಹಾಗಾದರೆ ಕೆಟ್ಟಿರುವುದು ಏನು?

ಒಂದು ಗುಂಡಿ ಹಾಕಲು ಮೆದುಳಿನ ಹಲವು ಜಾಗಗಳು ಸೇರಬೇಕು. ಬೆರಳಿಗೆ ಕೊನೆಯ ಆಜ್ಞೆ ಹೋಗುವುದು ಮೋಟಾರ್ ಕಾರ್ಟೆಕ್ಸಿನಿಂದ, ಅಂದರೆ ಚಲನೆ ನಡೆಸುವ ಮೆದುಳಿನ ಹೊರಪದರದಿಂದ. ಮೆದುಳಿನ ಶಸ್ತ್ರವೈದ್ಯ ಪೆನ್‌ಫೀಲ್ಡ್ 1937ರಲ್ಲಿ ತೋರಿಸಿದ, ಮೈಯ ಯಾವ ಭಾಗಕ್ಕೆ ಮೆದುಳಿನ ಯಾವ ಜಾಗ ಅನ್ನುವ ನಕ್ಷೆ ನೆನಪಿದೆಯಲ್ವಾ, ಅದರಲ್ಲಿ ಕೈ ಮತ್ತು ಮುಖಕ್ಕೇ ಜಾಸ್ತಿ ಜಾಗ. ಆದರೆ ಯಾವ ಬೆರಳು ಎಲ್ಲಿಗೆ, ಹೇಗೆ ಹೋಗಬೇಕು ಅನ್ನುವ ಯೋಜನೆ ಇರುವುದು ಮುಖ್ಯವಾಗಿ ಎಡ ಪೆರೈಟಲ್ ಲೋಬಿನಲ್ಲಿ (ಮೆದುಳಿನ ಮೇಲ್ಭಾಗ, ಹಿಂಬದಿಗೆ). ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಮುಂಭಾಗದ ಫ್ರಾಂಟಲ್ ಲೋಬ್ ನೋಡಿಕೊಳ್ಳುತ್ತದೆ. ವೇಗ ಮತ್ತು ಸರಾಗ ಮೆದುಳಿನ ಒಳಗಿರುವ ಬೇಸಲ್ ಗ್ಯಾಂಗ್ಲಿಯಾದ ಕೆಲಸ. ಎಡಗೈಗೂ ಯೋಜನೆ ಬರುವುದು ಎಡ ಮೆದುಳಿನಿಂದಲೇ, ಎರಡು ಅರ್ಧಗಳನ್ನು ಜೋಡಿಸುವ ಕಾರ್ಪಸ್ ಕ್ಯಾಲೋಸಮ್ ದಾಟಿಕೊಂಡು. ಇದನ್ನು ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಜರ್ಮನ್ ವೈದ್ಯ ಲೀಪ್‌ಮನ್ ತೋರಿಸಿದ್ದರು. ಆದ್ದರಿಂದ ಎರಡೂ ಕೈಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿ.

ಈಗ ಮುಖ್ಯ ವಿಷಯ. ಡಿಮೆನ್ಶಿಯಾಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಆಲ್ಝೈಮರ್ ಕಾಯಿಲೆಯಲ್ಲಿ, ನರಕೋಶದೊಳಗೆ ಕಟ್ಟಿಕೊಳ್ಳುವ ಟೌ ಪ್ರೋಟೀನಿನ ಗಂಟುಗಳು ಮೊದಲು ಕಾಣುವುದು ನೆನಪಿನ ಜಾಗಗಳಾದ ಎಂಟೋರೈನಲ್ ಕಾರ್ಟೆಕ್ಸ್ ಮತ್ತು ಹಿಪೊಕ್ಯಾಂಪಸ್ ಸುತ್ತ. ಆಮೇಲೆ ಟೆಂಪೊರಲ್ (ಕಿವಿಯ ಪಕ್ಕದ), ಪೆರೈಟಲ್ ಭಾಗಗಳಿಗೆ ಹಬ್ಬುತ್ತವೆ. ಮೋಟಾರ್ ಕಾರ್ಟೆಕ್ಸಿಗೆ ಬರುವುದು ಕೊನೆಗೆ. ಜರ್ಮನಿಯ ಸಂಶೋಧಕರಾದ ಬ್ರಾಕ್ ದಂಪತಿ 1991ರಲ್ಲಿ ಇದನ್ನು ಹಂತಗಳಾಗಿ ಬರೆದಿಟ್ಟರು. ಇದೊಂದು ಗೊತ್ತಿದ್ದರೆ ಉಳಿದದ್ದು ತಾನಾಗೇ ಅರ್ಥವಾಗುತ್ತದೆ: ಆಜ್ಞೆ ಕೊಡುವ ಜಾಗ ಚೆನ್ನಾಗಿದೆ, ಯೋಜನೆ ಕೊಡುವ ಜಾಗ ಸವೆದಿದೆ. ಶಕ್ತಿ ಇದ್ದೂ ಕೆಲಸ ಬಾರದ ಈ ಸ್ಥಿತಿಗೆ ಅಪ್ರಾಕ್ಸಿಯಾ ಎನ್ನುತ್ತಾರೆ.

ಎಲೆ ಅಡಿಕೆ ಹಾಕುವವರನ್ನು ನೋಡಿ. ಎಲೆ ಒರೆಸಬೇಕು, ತೊಟ್ಟು ಮುರಿಯಬೇಕು, ಬೆನ್ನಿನ ನಾರು ಎಳೆಯಬೇಕು, ಬೆರಳ ತುದಿಯಲ್ಲಿ ಸುಣ್ಣ ತೆಗೆದು ಸವರಬೇಕು, ಅಡಿಕೆ ಇಟ್ಟು ಮಡಿಚಬೇಕು. ಕಾಯಿಲೆ ಬಂದ ಅಜ್ಜ ಸುಣ್ಣವನ್ನು ಅಡಿಕೆಗೆ ಸವರಿ ಎಲೆಯನ್ನು ಮಡಿಲಲ್ಲೇ ಬಿಡಬಹುದು, ಇಲ್ಲವೇ ಬರೀ ಸುಣ್ಣ ನಾಲಿಗೆಗೆ ಹಾಕಿ ಬಾಯಿ ಸುಟ್ಟುಕೊಳ್ಳಬಹುದು. ಒಂದೊಂದೇ ಚಲನೆ ಸರಿ ಇದೆ, ಸರಣಿ ಹರಿದಿದೆ. ಇದು ಐಡಿಯೇಶನಲ್ ಅಪ್ರಾಕ್ಸಿಯಾ. ಐಡಿಯೋಮೋಟಾರ್ ಬೇರೆ, ಅಲ್ಲಿ ಕೆಡುವುದು ಒಂದೇ ಚಲನೆಯನ್ನು ಮಾಡಿ ತೋರಿಸುವ ರೀತಿ. "ತಲೆ ಬಾಚ್ಕೊಳ್ಳೋ ಥರ ಮಾಡಿ ತೋರ್ಸಿ ಅಜ್ಜಿ" ಅಂದರೆ, ಬಾಚಣಿಗೆ ಹಿಡಿದಂತೆ ಮಾಡದೆ ಬೆರಳನ್ನೇ ಬಾಚಣಿಗೆ ಮಾಡಿಕೊಂಡು ಕೂದಲಲ್ಲಿ ಆಡಿಸುತ್ತಾರೆ. ನಿಜವಾದ ಬಾಚಣಿಗೆ ಕೈಗೆ ಕೊಟ್ಟರೆ ಎಷ್ಟೋ ಸಲ ಸುಧಾರಿಸುತ್ತದೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಈ ವ್ಯತ್ಯಾಸ ಕೇಳುವ ಸಾಧ್ಯತೆ ಜಾಸ್ತಿ.

ಹೇಳಿದ್ದು ಅರ್ಥವಾಗದೆ ಸುಮ್ಮನಿದ್ದರೆ ಅದು ಅಪ್ರಾಕ್ಸಿಯಾ ಅಲ್ಲ. ಮಾತಿನ ಜಾಗವೂ ಎಡ ಮೆದುಳಲ್ಲೇ ಇರುವುದರಿಂದ ಈ ಗೊಂದಲ ಸಹಜ. ಹೇಳುವುದರ ಜೊತೆಗೆ ನೀವೇ ಮಾಡಿ ತೋರಿಸಿ, ಅನುಕರಿಸಲು ಬಿಡಿ. ಸಂಧಿವಾತ, ಕಣ್ಣಿನ ಪೊರೆ, ಸಕ್ಕರೆ ಕಾಯಿಲೆಯಿಂದ ಬಿಗಿದ ಬೆರಳು, ಇವನ್ನೂ ಮೊದಲೇ ನೋಡಿಬಿಡಿ. ಇನ್ನು ಗಡಿಯಾರದ ಚಿತ್ರ ಬರೆಸುವ ಪರೀಕ್ಷೆ. ಜೀವನದಲ್ಲಿ ಪೆನ್ಸಿಲ್ಲೇ ಹಿಡಿಯದ ರೈತನ ಮುಂದೆ ಅದನ್ನಿಟ್ಟು ಅಂಕ ಕಳೆಯುವುದು ಅನ್ಯಾಯ ಅಂತ ನನ್ನ ಅಭಿಪ್ರಾಯ. ಕುಡುಗೋಲು ಹಿಡಿದು ಕಬ್ಬು ಕಡಿಯುವುದು ಹೇಗೆ ಅಂತ ತೋರಿಸಲು ಹೇಳಿ, ಜಾಸ್ತಿ ತಿಳಿಯುತ್ತದೆ.

ಹಳೆಯ ಕೈಚಳಕ ಬೇಗ ಹೋಗುವುದಿಲ್ಲ ಅನ್ನುವುದೂ ಗೊತ್ತಿರಲಿ. ನಮ್ಮ ದೊಡ್ಡಮ್ಮ ಮಗಳ ಹೆಸರು ತಪ್ಪಿ ಕರೆಯುತ್ತಿದ್ದ ಕಾಲದಲ್ಲೂ ಮಲ್ಲಿಗೆ ಕಟ್ಟುತ್ತಿದ್ದರು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ದಾರ ಸುತ್ತಿ ಕುಣಿಕೆ ಎಳೆಯುವುದು. ಕಣ್ಣು ಟಿವಿ ಕಡೆ ಇದ್ದರೂ ಮಾರು ತಪ್ಪುತ್ತಿರಲಿಲ್ಲ. ಇಂಥ ಕೈನೆನಪು ಹಿಪೊಕ್ಯಾಂಪಸನ್ನು ನೆಚ್ಚಿಲ್ಲ. 1953ರಲ್ಲಿ ಎರಡೂ ಕಡೆಯ ಹಿಪೊಕ್ಯಾಂಪಸ್ ಭಾಗ ತೆಗೆಸಿಕೊಂಡ ಎಚ್.ಎಂ. ಎಂಬ ರೋಗಿ ಕನ್ನಡಿ ನೋಡಿ ಚಿತ್ರ ತಿದ್ದುವುದನ್ನು ದಿನೇ ದಿನೇ ಸುಧಾರಿಸಿಕೊಂಡರು, ಆದರೆ ಅಭ್ಯಾಸ ಮಾಡಿದ್ದೇ ಅವರಿಗೆ ನೆನಪಿರುತ್ತಿರಲಿಲ್ಲ. ಪೆರೈಟಲ್ ಭಾಗ ಚೆನ್ನಾಗಿ ಸವೆದ ಮೇಲೆ ಹೂವಿನ ದಾರವೂ ಸಿಕ್ಕಾಗುತ್ತದೆ.

ಉಳಿದ ಡಿಮೆನ್ಶಿಯಾಗಳಲ್ಲಿ ಕೈ ಬೇರೆ ಥರ ಕೆಡುತ್ತದೆ. ಲೂಯಿ ಬಾಡಿ ಡಿಮೆನ್ಶಿಯಾ (ನರಕೋಶದಲ್ಲಿ ಲೂಯಿ ಬಾಡಿ ಎಂಬ ಪ್ರೋಟೀನ್ ಉಂಡೆ ಸೇರುವ ಬಗೆ) ಇದ್ದರೆ ಕೈ ಬಿಗಿ, ನಿಧಾನ. ಹೆಬ್ಬೆರಳು ತೋರುಬೆರಳು ತಟ್ಟಿಸಿದರೆ ತಟ್ಟು ಬರಬರುತ್ತಾ ಚಿಕ್ಕದಾಗುತ್ತದೆ. ಇವರಿಗೆ ಹ್ಯಾಲೊಪೆರಿಡಾಲ್‌ನಂಥ ಮನೋರೋಗದ ಔಷಧಿ ತೀರಾ ಅಪಾಯ, ಇದನ್ನು ಗುರುತು ಹಾಕಿಕೊಳ್ಳಿ. ಫ್ರಾಂಟಲ್, ಟೆಂಪೊರಲ್ ಭಾಗ ಸವೆಯುವ ಫ್ರಾಂಟೊಟೆಂಪೊರಲ್ ಡಿಮೆನ್ಶಿಯಾದಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಕೈ ಎತ್ತಿಕೊಂಡು ಬಳಸಲು ಹೋಗಬಹುದು. ರಷ್ಯಾದ ಲೂರಿಯಾ ಅವರ ಪರೀಕ್ಷೆ, ಅಂದರೆ ಮುಷ್ಟಿ, ಅಂಗೈ ಅಂಚು, ಅಂಗೈ ಎಂದು ಒಂದಾದ ಮೇಲೊಂದು ಮೇಜಿಗೆ ಇಡುವ ಸರಣಿ, ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಪಾರ್ಶ್ವವಾಯುವಿನ ನಂತರದ ಡಿಮೆನ್ಶಿಯಾದಲ್ಲಿ ಮಾತ್ರ ಮನೆಯವರ "ಶಕ್ತಿ ಇಲ್ಲ" ನಿಜವಾಗಿರಬಹುದು.

ಬೆರಳ ವ್ಯಾಯಾಮದಿಂದ ಡಿಮೆನ್ಶಿಯಾ ವಾಸಿ ಅನ್ನುವ ವಾಟ್ಸಾಪ್ ವಿಡಿಯೋ ಬಂದರೆ ಸುಮ್ನೆ ಬಿಟ್ಟುಬಿಡಿ. ಮಾಡಬಹುದಾದ್ದು ಬೇರೆ ಇದೆ. ಕೈಯಿಂದ ಕೆಲಸ ಕಿತ್ತುಕೊಳ್ಳಬೇಡಿ ಅಂತ ಮನೆಯವರಿಗೆ ಹೇಳಿ. ಅವರೆಕಾಯಿ ಸುಲಿಯಲು ಕೊಡಲಿ, ಮೊದಲ ಒಂದೆರಡು ಕಾಯಿಗೆ ಕೈ ಮೇಲೆ ಕೈ ಇಟ್ಟು ಶುರು ಮಾಡಿಸಲಿ. ಗುಂಡಿ ಬದಲು ವೆಲ್ಕ್ರೋ ಹೊಲಿಸಲಿ. ಒಂದು ಸಲಕ್ಕೆ ಒಂದೇ ಮಾತು: "ತೋಳು ಹಾಕಿ". ಅದು ಮುಗಿದ ಮೇಲೆ ಇನ್ನೊಂದು.

ಕೊನೆಯ ಹಂತದಲ್ಲಿ ಎಳೆಮಗುವಿನಂತೆ ಅಂಗೈಗೆ ತಾಗಿದ್ದನ್ನು ತಾನಾಗೇ ಹಿಡಿಯುವ ಪ್ರತಿವರ್ತನ ವಾಪಸ್ ಬರಬಹುದು. ಸ್ನಾನ ಮಾಡಿಸುವಾಗ ಸೊಸೆಯ ಕೈ ಹಿಡಿದು ಬಿಡುವುದೇ ಇಲ್ಲ, ಮನೆಯವರಿಗೆ ಅದು ಹಟ ಅನಿಸುತ್ತದೆ. ಜೋರಾಗಿ ಬಿಡಿಸಿದರೆ ಹಿಡಿತ ಇನ್ನೂ ಬಿಗಿಯುತ್ತದೆ. ನಿಧಾನವಾಗಿ, ಅಂಗೈ ಹಿಂಭಾಗ ಸವರುತ್ತಾ ಬಿಡಿಸಿ. ಮಡಚಿಕೊಂಡೇ ಇರುವ ಅಂಗೈಯಲ್ಲಿ ಸುತ್ತಿದ ಮೆತ್ತನೆ ಬಟ್ಟೆ ಇಡಿ, ಉಗುರು ಕತ್ತರಿಸುತ್ತಿರಿ.