ಕಿಲ್ಟ್‌ಗೆ ನೆರಿಗೆ ಎಷ್ಟು, ಒಂದೊಂದಕ್ಕೆ ಬಟ್ಟೆ ಎಷ್ಟು?

ಪ್ರಶ್ನೆ: ಸ್ಕಾಟ್ಲೆಂಡಿನ ಗಂಡಸರು ತೊಡುವ ನೆರಿಗೆ ಲಂಗ, ಕಿಲ್ಟ್, ಹೊಲಿಯಬೇಕು. ಸೊಂಟ 36 ಇಂಚು, ಸೀಟು (ಪೃಷ್ಠದ ಸುತ್ತಳತೆ) 42. ಎಂಟು ಗಜ ಉಣ್ಣೆಯ ಟಾರ್ಟನ್ (ಬಣ್ಣದ ಪಟ್ಟೆಗಳ ಚೌಕುಳಿ) ಬಟ್ಟೆ ಕೈಯಲ್ಲಿದೆ. ಶಾಲೆಯ ಯೂನಿಫಾರ್ಮ್ ಸ್ಕರ್ಟಿಗೆ ಮಾಡುವಂತೆ ಮೂರು ಪಟ್ಟಿನ (ಕಾಣುವ ಅಗಲದ ಮೂರರಷ್ಟು ಬಟ್ಟೆಯ) ಲೆಕ್ಕದಲ್ಲಿ ನೆರಿಗೆ ಹಿಡಿದರೆ ಹಿಂದುಗಡೆ ಪಟ್ಟೆಗಳೆಲ್ಲ ಚೆಲ್ಲಾಪಿಲ್ಲಿ. ಕಿಲ್ಟ್‌ಗೆ ನೆರಿಗೆ ಎಷ್ಟಿರಬೇಕು, ಒಂದೊಂದಕ್ಕೆ ಎಷ್ಟು ಬಟ್ಟೆ ಬಿಡಬೇಕು?

ಉತ್ತರ: ಮೂರು ಪಟ್ಟಿನ ಲೆಕ್ಕ ಸಾದಾ ಬಟ್ಟೆಗೆ ಸರಿ. ಟಾರ್ಟನ್‌ನಲ್ಲಿ ನೆರಿಗೆಯ ಆಳವನ್ನು ಬಟ್ಟೆಯೇ ಹೇಳುತ್ತದೆ, ಹೊಲಿಯುವವರಿಗೆ ಅದರಲ್ಲಿ ಹೆಚ್ಚು ಮಾತಿಲ್ಲ. ಮೊದಲು ಅಳೆಯಬೇಕಾದ್ದು ಸೊಂಟವನ್ನಲ್ಲ, ಸೆಟ್ ಅನ್ನು. ಪಟ್ಟೆಗಳ ವಿನ್ಯಾಸ ಒಮ್ಮೆ ಪೂರ್ತಿ ಬಂದು ಮತ್ತೆ ಅದೇ ಪಟ್ಟೆಯಿಂದ ಶುರುವಾಗುವವರೆಗಿನ ಉದ್ದವೇ ಸೆಟ್. ಒಂದನ್ನೇ ಅಳೆದು ನಂಬಬೇಡಿ. ನಾಲ್ಕು ಸೆಟ್ ಒಟ್ಟಿಗೆ ಅಳೆದು ನಾಲ್ಕರಿಂದ ಭಾಗಿಸಿ. ಇಲ್ಲಿ ಲೆಕ್ಕಕ್ಕೆ 7 ಇಂಚು ಎಂದಿಟ್ಟುಕೊಳ್ಳೋಣ.

ಕಿಲ್ಟ್‌ನ ಸುತ್ತಳತೆಯಲ್ಲಿ ಸುಮಾರು ಅರ್ಧ ಮುಂಭಾಗದ ಚಪ್ಪಟೆ ಹಾಳೆಗೆ, ಉಳಿದರ್ಧ ನೆರಿಗೆಗೆ. ಮುಂಭಾಗದಲ್ಲಿ ಒಂದರ ಮೇಲೊಂದು ಎರಡು ಹಾಳೆ ಬರುತ್ತವೆ. ಅಂದರೆ ಸೀಟಿನಲ್ಲಿ ನೆರಿಗೆಗೆ 21 ಇಂಚು, ಸೊಂಟದಲ್ಲಿ 18. ಹೊರಗೆ ಕಾಣುವ ನೆರಿಗೆಯ ಅಗಲ ಸೀಟಿನಲ್ಲಿ ಮುಕ್ಕಾಲು ಇಂಚು ಎಂದರೆ 28 ನೆರಿಗೆ. ಎಂಟು ಗಜದ ಕಿಲ್ಟ್‌ಗೆ 25ರಿಂದ 30 ಸಾಮಾನ್ಯ, ಹಾಗಾಗಿ ನಿಮ್ಮ ಅಳತೆಗೆ ಇದು ಒಪ್ಪುತ್ತದೆ.

ಇನ್ನು ಪಟ್ಟೆ ಕೂಡಿಸುವ ವಿಷಯ. ಇದಕ್ಕೆ ಎರಡು ಪದ್ಧತಿಗಳಿವೆ, ಎರಡರ ಲೆಕ್ಕವೂ ಬೇರೆ.

ಮೊದಲನೆಯದು ಪಟ್ಟೆಗೆ ಹಿಡಿಯುವುದು. ಪ್ರತಿ ನೆರಿಗೆಯ ನಡುವೆ ಒಂದೇ ಪಟ್ಟೆ ನಿಲ್ಲಬೇಕು. ಸ್ಕಾಟ್ಲೆಂಡಿನ ಹಲವು ರೆಜಿಮೆಂಟುಗಳು ಇದನ್ನೇ ಬಳಸಿದ್ದರಿಂದ ಮಿಲಿಟರಿ ನೆರಿಗೆ ಎಂಬ ಹೆಸರೂ ಇದೆ. ಗೋರ್ಡನ್ ಹೈಲ್ಯಾಂಡರ್ಸ್ ಕಿಲ್ಟ್‌ನ ಹಿಂಭಾಗದಲ್ಲಿ ಸಾಲಾಗಿ ಕಾಣುವ ಹಳದಿ ಗೆರೆಗಳು ಹೀಗೆ ಬಂದವು. ಇಲ್ಲಿ ಕಾಣುವ ಭಾಗ, ಒಳಗೆ ಮಡಚಿದ ಭಾಗ ಎರಡೂ ಸೇರಿ ಒಂದು ಸೆಟ್. 7 ಇಂಚಿನಲ್ಲಿ ಮುಕ್ಕಾಲು ಹೊರಗೆ, ಉಳಿದ 6¼ ಎರಡು ಪದರವಾಗಿ ಒಳಗೆ, ಅಂದರೆ ಆಳ 3⅛ ಇಂಚು. 28 ನೆರಿಗೆಗೆ 196 ಇಂಚು. ಮುಂಭಾಗದ ಎರಡು ಹಾಳೆಗೆ, ಅವುಗಳ ಪಕ್ಕದ ಆಳವಾದ ಮಡಿಕೆಗಳೂ ಸೇರಿ, ಸುಮಾರು 80 ಹಿಡಿಯಿರಿ. ಒಟ್ಟು 276. ನಿಮ್ಮ ಎಂಟು ಗಜ ಎಂದರೆ 288, ಹನ್ನೆರಡು ಇಂಚು ಮಿಗುತ್ತದೆ.

ಎರಡನೆಯದು ಸೆಟ್‌ಗೆ ಹಿಡಿಯುವುದು. ನೆರಿಗೆ ಹಿಡಿದ ಮೇಲೂ ಹಿಂಭಾಗ ಮಡಚದ ಬಟ್ಟೆಯಂತೆಯೇ ಕಾಣಬೇಕು. ಆಗ ಒಳಗೆ ಹೋಗುವ ಭಾಗವೊಂದೇ ಪೂರ್ತಿ ಒಂದು ಸೆಟ್ ಆಗಬೇಕು, ಕಾಣುವ ಮುಕ್ಕಾಲು ಇಂಚು ಅದರ ಮೇಲೆ. ಹಾಗೆ ಹಿಡಿದಾಗ ಮಾತ್ರ ಮುಂದಿನ ನೆರಿಗೆ ಹಿಂದಿನದು ನಿಲ್ಲಿಸಿದಲ್ಲಿಂದ ವಿನ್ಯಾಸವನ್ನು ಮುಂದುವರಿಸುತ್ತದೆ. ನೆರಿಗೆಗೆ 7¾ ಇಂಚು, 28ಕ್ಕೆ 217, ಮುಂಭಾಗ ಸೇರಿ 297. ನಿಮಗೆ 9 ಇಂಚು ಸಾಲದು. 26 ನೆರಿಗೆ ಮಾಡಿ ಕಾಣುವ ಅಗಲವನ್ನು 13/16 ಇಂಚಿಗೆ ಏರಿಸಿದರೆ ಸುಮಾರು 283ರಲ್ಲಿ ಮುಗಿಯುತ್ತದೆ. ಬಟ್ಟೆ ಕತ್ತರಿಸುವ ಮೊದಲೇ ಪದ್ಧತಿ ನಿರ್ಧರಿಸಿ ಎಂದು ಹೇಳುವುದು ಇದಕ್ಕೇ.

ಮೊದಲ ಕಿಲ್ಟ್‌ಗೆ ಪಟ್ಟೆಗೆ ಹಿಡಿಯುವುದೇ ಸುಲಭ. ನಡುವಿನ ಗೆರೆ ಎಲ್ಲಿ ವಾಲಿತೆಂದು ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ. ನಡೆಯುವಾಗ ಒಳಗಿನ ಬಣ್ಣ ಮಿಂಚಿ ಮರೆಯಾಗುವ ಸೊಗಸು ಬೇರೆ.

ಎಂಟು ಗಜವೆಂಬುದು ಶಾಸ್ತ್ರವೇನಲ್ಲ. 1790ರ ದಶಕದ ಹೊಲಿದ ಕಿಲ್ಟ್‌ಗಳು ಬಾಕ್ಸ್ ನೆರಿಗೆಯವು (ಎರಡೂ ಅಂಚನ್ನು ಒಳಕ್ಕೆ ಮಡಚಿದ ಅಗಲ ನೆರಿಗೆ), ಸುಮಾರು ನಾಲ್ಕು ಗಜದಲ್ಲಿ ಮುಗಿಯುತ್ತಿದ್ದವು. ಸೆಟ್ 5 ಇಂಚಾದರೆ ಪಟ್ಟೆಗೆ ಹಿಡಿದ ಇದೇ ಕಿಲ್ಟ್‌ಗೆ ಆರು ಗಜಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಮಿಕ್ಕಿದ್ದನ್ನು ಒಳಗೆ ತುರುಕಲು ಹೋಗಬೇಡಿ.

ಡಬಲ್ ಪನ್ನದ ಬಟ್ಟೆ ನಾಲ್ಕು ಗಜ ಕೊಂಡು ಉದ್ದಕ್ಕೆ ಸೀಳಿ ಎಂಟು ಗಜ ಮಾಡಿದ್ದರೆ, ಎರಡನೆಯ ತುಂಡನ್ನು ಮಗುಚದೆ ಅರ್ಧ ಸುತ್ತು ತಿರುಗಿಸಿ ಜೋಡಿಸಿ. ಆಗ ನೇಯ್ಗೆಯ ಓರೆ ಗೆರೆ ಎರಡರಲ್ಲೂ ಒಂದೇ ದಿಕ್ಕಿಗೆ ಇರುತ್ತದೆ, ನೇಯ್ದ ಅಂಚೂ ಕೆಳಕ್ಕೆ ಬರುತ್ತದೆ. ಜೋಡು ಹೊಲಿಗೆ ನೆರಿಗೆಯ ಒಳಮಡಿಕೆಯಲ್ಲಿ ಅಡಗಬೇಕು. ಕಿಲ್ಟ್‌ನ ಕೆಳಅಂಚನ್ನು ಮಡಚಿ ಹೊಲಿಯುವುದಿಲ್ಲ, ನೇಯ್ದ ಅಂಚೇ ಕೊನೆ. ಆದ್ದರಿಂದ ಮೇಲೆ ಮಾಡಿದ ತಪ್ಪನ್ನು ಕೆಳಗೆ ಮಡಚಿ ಮುಚ್ಚಲು ದಾರಿಯಿಲ್ಲ. ವಿನ್ಯಾಸ ಎರಡೂ ಕಡೆಯಿಂದ ಒಂದೇ ತೆರನಾಗಿ ಓದಿಸಿಕೊಳ್ಳದ ಟಾರ್ಟನ್ ಆದರೆ ಸಿಂಗಲ್ ಪನ್ನವೇ ಕ್ಷೇಮ.

ಗುರುತು ಹಾಕುವಾಗ ಟೇಪಿಗಿಂತ ಎಳೆಯನ್ನು ನಂಬಿ. ಕಿಲ್ಟ್‌ನಲ್ಲಿ ಬಟ್ಟೆಯ ಉದ್ದ ಸೊಂಟವನ್ನು ಸುತ್ತುತ್ತದೆ, ಹಾಗಾಗಿ ಮೇಲಿಂದ ಕೆಳಗೆ ಇಳಿಯುವುದು ಹೊಕ್ಕಿನ (ಅಡ್ಡ ನೇಯ್ದ) ಎಳೆ. ಸೀಟಿನಿಂದ ಕೆಳಗೆ ಪ್ರತಿ ಮಡಿಕೆಯೂ ಒಂದೇ ಹೊಕ್ಕಿನ ಎಳೆಯ ಮೇಲೆ ಇಳಿಯಬೇಕು. ಎರಡು ಮೂರು ಎಳೆ ಅತ್ತಿತ್ತ ಸರಿದರೂ ಒಳಮಡಿಕೆ ಕೆಳಅಂಚಿನಿಂದ ಇಣುಕುತ್ತದೆ. ಗುರುತು ಒಂದೊಂದು ನೆರಿಗೆಗೆ 1/16 ಇಂಚು ತಪ್ಪಿದರೆ 28ಕ್ಕೆ 1¾ ಇಂಚು, ಅಂದರೆ ಎರಡು ನೆರಿಗೆಗಿಂತ ಹೆಚ್ಚು.

ಸೀಟಿನಿಂದ ಸೊಂಟದವರೆಗೆ ಹೊಲಿದು ಮುಚ್ಚುವ ಭಾಗಕ್ಕೆ ಫೆಲ್ ಎನ್ನುತ್ತಾರೆ. ಕಿಲ್ಟ್ ಮೈಗೆ ಕೂರುವುದೂ ಕೆಡುವುದೂ ಇಲ್ಲೇ. ಮುಕ್ಕಾಲು ಇಂಚಿನ ನೆರಿಗೆ ಸೊಂಟಕ್ಕೆ ಬರುವಷ್ಟರಲ್ಲಿ ಇಂಚಿನ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಕಿರಿದಾಗಬೇಕು. ಅದನ್ನು ಒಂದೇ ಬದಿಯಿಂದ ತಗ್ಗಿಸಿದರೆ ನಡುವಿನ ಪಟ್ಟೆ ವಾಲುತ್ತದೆ, ಎರಡೂ ಬದಿಗೆ ಹಂಚಿ. ಒಂದೊಂದು ನೆರಿಗೆ ಅಳೆಯುತ್ತ ಕೂರುವ ಬದಲು ಏಳೇಳರಂತೆ ಅಳೆಯಿರಿ: ಏಳು ನೆರಿಗೆ ಸೀಟಿನಲ್ಲಿ 5¼, ಸೊಂಟದಲ್ಲಿ 4½ ಬರಬೇಕು. ತಪ್ಪಿದ್ದರೆ ಆಗಲೇ ಬಿಚ್ಚಿ. ಮುಂದಿನ ಏಳರಲ್ಲಿ ಸರಿದೂಗಿಸೋಣ ಎಂದರೆ ಹಿಂಭಾಗ ಏರುಪೇರಾಗುತ್ತದೆ.

ಹೊಲಿಗೆ ಕೈಯದೇ, ಹೊರಗಿನಿಂದ. ಅಡ್ಡಗೆರೆ ಪಕ್ಕದ ನೆರಿಗೆಯ ಅಡ್ಡಗೆರೆಗೆ ಕೂಡಿದೆಯೇ ನೋಡಿ ಗುಂಡುಸೂಜಿ ಚುಚ್ಚಿ. ಸೂಜಿ ಕೆಳಪದರದ ಎರಡು ಮೂರು ಎಳೆ ಹಿಡಿದು ಮಡಿಕೆಯ ತುದಿಯಲ್ಲಿ ಏಳಬೇಕು. ದಾರ ಮಡಿಕೆಯ ಅಂಚಿನ ಬಣ್ಣದ್ದಿರಲಿ, ಸಿಗದಿದ್ದರೆ ಒಂದು ಛಾಯೆ ಗಾಢವಾದದ್ದು. ಫೆಲ್‌ನ ಕೆಳತುದಿಯಲ್ಲಿ ಅದೇ ಜಾಗಕ್ಕೆ ಎರಡು ಮೂರು ಸಲ ಹಾಕಿ, ಕೂತೆದ್ದಾಗ ಎಳೆತ ಬೀಳುವುದು ಅಲ್ಲಿಗೇ.

ಏಳು ಇಂಚು ಬಟ್ಟೆ ಮುಕ್ಕಾಲು ಇಂಚಿನೊಳಗೆ ಕೂತಿದೆ, ಅಂದರೆ ಹಿಂಭಾಗದಲ್ಲಿ ಎಲ್ಲಿ ಮುಟ್ಟಿದರೂ ಒಂಬತ್ತು ಪದರ. ಇದನ್ನು ಹಾಗೇ ಸೊಂಟಕ್ಕೆ ಒಯ್ದರೆ ದಿಂಬು ಕಟ್ಟಿಕೊಂಡಂತೆ. ಆದ್ದರಿಂದ ಒಳಗಿನ ಹೆಚ್ಚುವರಿಯನ್ನು ಸೊಂಟದಿಂದ ಫೆಲ್‌ನ ಕೆಳಭಾಗದ ಹತ್ತಿರದವರೆಗೆ ಕತ್ತರಿಸಿ ತೆಗೆಯುತ್ತಾರೆ. ಆದರೆ ಅದಕ್ಕೂ ಮೊದಲು ಫೆಲ್‌ನ ಕೊನೆಯಿಂದ ತುಸು ಮೇಲೆ, ಒಳಮಡಿಕೆಗಳನ್ನೆಲ್ಲ ಒಂದಕ್ಕೊಂದು ಬಿಗಿಯುವ ಅಡ್ಡ ಹೊಲಿಗೆ ಬೀಳಲೇಬೇಕು. ಇದರ ಹೆಸರು ಸ್ಟೀಕಿಂಗ್. ನೆರಿಗೆಗಳ ಭಾರ ಹೊರುವುದು ಅದೇ. ಅದಿಲ್ಲದೆ ಕತ್ತರಿ ಹಾಕಿದರೆ ಒಳಮಡಿಕೆಗಳು ಜೋತುಬಿದ್ದು ಕೆಳಅಂಚು ಹಲ್ಲುಹಲ್ಲಾಗುತ್ತದೆ. ಕತ್ತರಿಸಿದ ಜಾಗಕ್ಕೆ ಕ್ಯಾನ್ವಾಸ್, ಅದರ ಮೇಲೆ ಹತ್ತಿಯ ಲೈನಿಂಗ್.

ಇಸ್ತ್ರಿಗೆ ಮೊದಲು ಫೆಲ್‌ನಿಂದ ಕೆಳಅಂಚಿನವರೆಗೆ ಮೂರು ಸಾಲು ಕಚ್ಚಾ ಹೊಲಿಗೆ ಹಾಕಿ, ಒದ್ದೆ ಬಟ್ಟೆ ಹಾಸಿ ಒತ್ತಿ. ಪೆಟ್ಟಿಗೆಯನ್ನು ಜಾರಿಸಬೇಡಿ, ಎತ್ತಿ ಇಡಿ. ಪೂರ್ತಿ ಆರಿದ ಮೇಲೆಯೇ ಕಚ್ಚಾ ದಾರ ಬಿಚ್ಚಿ. 16 ಔನ್ಸ್ ತೂಕದ ಬಟ್ಟೆ ಗೀರನ್ನು ಚೆನ್ನಾಗಿ ಹಿಡಿದಿಡುತ್ತದೆ, 11 ಔನ್ಸಿನ ಹಗುರದು ಪದೇ ಪದೇ ಇಸ್ತ್ರಿ ಕೇಳುತ್ತದೆ.

ಇಷ್ಟಾದ ಮೇಲೂ ತೊಟ್ಟಾಗ ನೆರಿಗೆ ಕೆಳಗೆ ಬೀಸಣಿಗೆಯಂತೆ ಬಿಚ್ಚಿಕೊಂಡರೆ ಇಸ್ತ್ರಿಯನ್ನು ದೂರಬೇಡಿ. ಸೀಟಿನ ಅಳತೆ ಬಿಗಿಯಾಗಿದೆ, ಇಲ್ಲವೇ ಹೊಲಿಯುತ್ತ ಹೋದಂತೆ ನೆರಿಗೆ ಕಿರಿದಾಗಿದೆ. ಸೀಟಿನ ಗೆರೆಯ ಮೇಲೆ ಏಳೇಳರ ನಾಲ್ಕು ಗುಂಪನ್ನೂ ಮತ್ತೆ ಅಳೆಯಿರಿ, 5¼ ಬಾರದ ಗುಂಪನ್ನು ಬಿಚ್ಚಿ ಹೊಲಿಯಿರಿ.